ಸುಂಡಿಲಿ ಇಲಿಯಲ್ಲ

ರಾತ್ರಿ ದೀಪ ಆರಿಸಿದ ಮೇಲೆ ಅಡುಗೆಮನೆಯ ಗೋಡೆಯಂಚಿನಲ್ಲಿ ಚೀಂ ಚೀಂ ಎನ್ನುತ್ತ ಓಡುವ ಪ್ರಾಣಿ ನಿಮಗೆಲ್ಲ ಗೊತ್ತು. ಸುಂಡಿಲಿ; ಕೆಲವು ಕಡೆ ಮೂಗಿಲಿ. ಇಲಿಯೆಂದೇ ತಿಳಿದು ಅದಕ್ಕೂ ಪಾಷಾಣ ಇಡುತ್ತೇವೆ. ಅದು ಇಲಿಯೇ ಅಲ್ಲ ಎಂದು ಹೇಳುವುದಕ್ಕಾಗಿಯೇ ಇಂದು ನಿಮ್ಮ ಮುಂದೆ ನಿಂತಿದ್ದೇನೆ.

ಬಾಯಿ ನೋಡಿದರೆ ಸಾಕು. ಇಲಿಗೆ ಮುಂದೆ ಉಳಿಯಂಥ ಬಾಚಿಹಲ್ಲು, ನಡುವೆ ಖಾಲಿ ಜಾಗ, ಹಿಂದೆ ದವಡೆಹಲ್ಲು, ಒಟ್ಟು 16. ಸುಂಡಿಲಿಗೆ 30 ಹಲ್ಲು. ಒತ್ತೊತ್ತಾಗಿ, ಮೊನಚಾಗಿ ಕೂತಿರುವ ಅವು ಜಿರಳೆಯ ಕವಚ ಸೀಳುವುದಕ್ಕೆ ಹೇಳಿ ಮಾಡಿಸಿದಂತಿವೆ. ಕಣ್ಣು ಬಲು ಸಣ್ಣದು. ಉದ್ದನೆಯ ಮೂತಿ, ಮೀಸೆಗಳೇ ದಾರಿ ತೋರಿಸುವುದು. ಪಕ್ಕೆಯ ಗ್ರಂಥಿಗಳಿಂದ ಹೊಮ್ಮುವ ಗಬ್ಬು ವಾಸನೆಗೆ ಬೆಕ್ಕು ಅದನ್ನು ಕೊಂದರೂ ಎಷ್ಟೋ ಸಲ ತಿನ್ನದೆ ಬಿಟ್ಟುಹೋಗುತ್ತದೆ. ಮರಿಗಳನ್ನು ಬೇರೆಡೆಗೆ ಸಾಗಿಸುವಾಗ ಒಂದು ಮರಿ ತಾಯಿಯ ಬಾಲದ ಬುಡ ಕಚ್ಚಿಕೊಂಡರೆ, ಇನ್ನೊಂದು ಆ ಮರಿಯದನ್ನು ಕಚ್ಚಿಕೊಳ್ಳುತ್ತದೆ. ಸಾಲಿಗೆ ಸಾಲೇ ಹಗ್ಗದಂತೆ ಹರಿದುಹೋಗುತ್ತದೆ. ಅದಕ್ಕಿಂತ ಚೆಲುವಾದ ನೋಟ ಮನೆಯೊಳಗೆ ಸಿಗುವುದು ಅಪರೂಪ.

ಇನ್ನೊಂದು ವ್ಯತ್ಯಾಸವಿದೆ. ಇಲಿಗೆ ವಾಂತಿ ಮಾಡಲು ಬರುವುದಿಲ್ಲ, ಸುಂಡಿಲಿಗೆ ಬರುತ್ತದೆ. ಅದಕ್ಕೇ ಜಪಾನಿನ ವಿಜ್ಞಾನಿಗಳು 1980ರ ದಶಕದಲ್ಲಿ ವಾಂತಿಯ ಅಧ್ಯಯನಕ್ಕೆ ಇದನ್ನು ಆರಿಸಿಕೊಂಡರು. ಕ್ಯಾನ್ಸರ್ ಔಷಧಿಯಿಂದ ಬರುವ ವಾಂತಿಯನ್ನು ತಡೆಯುವ ಮದ್ದುಗಳ ಪರೀಕ್ಷೆಯಲ್ಲೂ ಇದು ನೆರವಾಗಿದೆ.

ಹೆಸರಿನಿಂದ ಮೋಸ ಹೋದವರು ನಾವಷ್ಟೇ ಅಲ್ಲ. 1766ರಲ್ಲಿ ಜೀವಿಗಳನ್ನು ವರ್ಗೀಕರಿಸಿದ ವಿಜ್ಞಾನಿ ಲಿನೇಯಸ್ ಇದಕ್ಕಿಟ್ಟ ‘ಮುರೈನಸ್’ ಎಂಬ ಹೆಸರಿನ ಅರ್ಥವೇ ಇಲಿಯಂಥದು ಎಂದು. ಆದರೂ ಇಲಿಗಳ ಗುಂಪಿಗೆ ಸೇರಿಸಲಿಲ್ಲ. ಅವರ ಕಣ್ಣು ಸೂಕ್ಷ್ಮವಾಗಿತ್ತು. ಮುಂದಿನ ಶತಮಾನದವರು ಹುಳು ತಿನ್ನುವ ಸಣ್ಣ ಪ್ರಾಣಿಗಳನ್ನೆಲ್ಲ ‘ಇನ್ಸೆಕ್ಟಿವೊರಾ’ ಎಂಬ ಒಂದೇ ಗಣಕ್ಕೆ ಹಾಕಿದರು. ಎಲ್ಲಿಡಬೇಕೆಂದು ತಿಳಿಯದ ಸಾಮಾನನ್ನೆಲ್ಲ ಅಟ್ಟಕ್ಕೆ ಹಾಕುವ ಹಾಗೆ. ತಿನ್ನುವ ಆಹಾರ ಒಂದೇ ಆದ ಮಾತ್ರಕ್ಕೆ ರಕ್ತಸಂಬಂಧ ಬರುವುದೇ?

1998ರಲ್ಲಿ ಡಿಎನ್‌ಎ ಅಧ್ಯಯನ ಆ ಅಟ್ಟವನ್ನು ಖಾಲಿ ಮಾಡಿಸಿತು. ಮಡಗಾಸ್ಕರಿನ ಟೆನ್ರೆಕ್, ಆಫ್ರಿಕದ ಗೋಲ್ಡನ್ ಮೋಲ್ ಎರಡೂ ಆನೆಯ ಬಳಗಕ್ಕೆ ಹೋದವು! ಸುಂಡಿಲಿಯ ಜೊತೆ ಉಳಿದವು ಹೆಡ್ಜ್‌ಹಾಗ್, ಮೋಲ್ ಮತ್ತು ಕ್ಯೂಬಾ, ಹಿಸ್ಪಾನಿಯೋಲ ದ್ವೀಪಗಳ ಸೊಲೆನೊಡಾನ್. ಈ ಗಣದ ಹೆಸರು ಯೂಲಿಪೊಟಿಫ್ಲ. ದೂರದ ನೆಂಟರು ಬಾವಲಿ, ನಾಯಿ, ಕುದುರೆ, ಹಸು. ಇಲಿಗಳೋ, ವಂಶವೃಕ್ಷದಲ್ಲಿ ಸುಂಡಿಲಿಗಿಂತ ನಮಗೇ ಹತ್ತಿರದವು.