ಅಂಚು ಗಟ್ಟಿಯಿದ್ದರೆ ಬಟ್ಟೆ ಗಟ್ಟಿ

(ಬೆಳ್ಳಿಹಬ್ಬದ ಅಂಗವಾಗಿ ನಡೆದ ಮಹಿಳಾ ಹೊಲಿಗೆ ತರಬೇತಿಯ ಸಮಾರೋಪದಲ್ಲಿ ಆಡಿದ ಮಾತುಗಳು)



ಸಾಲ, ಗೊಬ್ಬರ, ಬಿತ್ತನೆ ಬೀಜದ ಬಗ್ಗೆ ತಿಳಿದವರು ಮಾತಾಡಿದ್ದಾರೆ. ನಾವು ಮಾತಾಡುವುದು ಬಟ್ಟೆಯ ಅಂಚಿನ ಬಗ್ಗೆ. ಇದೇನು ಮಹಾ ವಿಷಯ ಅಂತ ನಗಬೇಡಿ. ಜೂನ್‌ನಲ್ಲಿ ಹೊಲಿಸಿದ ಮಗುವಿನ ಯೂನಿಫಾರಂ ದೀಪಾವಳಿ ಹೊತ್ತಿಗೆ ಪಕ್ಕ ಬಿಟ್ಟುಕೊಂಡರೆ ಆ ಮನೆಗೆ ಎರಡನೇ ಖರ್ಚು; ಹೊಲಿದವಳಿಗೆ ಗಿರಾಕಿಯೇ ನಷ್ಟ.

ಬಟ್ಟೆ ಅಂದರೆ ಹಾಸು, ಹೊಕ್ಕು. ಲಾಳಿಯ ಮಗ್ಗದಲ್ಲಿ ಹೊಕ್ಕಿನ ನೂಲು ಬದಿಯವರೆಗೆ ಹೋಗಿ ಮತ್ತೆ ಹಿಂದಕ್ಕೆ ತಿರುಗುತ್ತದೆ. ಅದಕ್ಕೇ ಸೀರೆಯ ಉದ್ದದ ಅಂಚು ಬಿಚ್ಚುವುದಿಲ್ಲ. ಕತ್ತರಿ ಆಡಿಸಿದ ಕಡೆ ಆ ತಿರುವು ಇಲ್ಲ. ಒಗೆಯುವ ಕಲ್ಲಿನ ಮೇಲೆ ನಾಲ್ಕು ಸಲ ಬಡಿದರೆ ಎಳೆ ಒಂದೊಂದಾಗಿ ಹೊರಗೆ ಬರುತ್ತದೆ. ಹೀಗೆ ಬಿಚ್ಚುತ್ತಾ ಹೊಲಿಗೆಯವರೆಗೆ ಬಂತೆಂದರೆ, ಹೊಲಿಗೆ ಎಷ್ಟೇ ಗಟ್ಟಿಯಿದ್ದರೂ ಅದಕ್ಕೆ ಹಿಡಿಯಲು ಬಟ್ಟೆಯೇ ಇರುವುದಿಲ್ಲ.

ರವಿಕೆಯ ಪಕ್ಕದಲ್ಲಿ ಒಂದು, ಒಂದೂವರೆ ಇಂಚು ಬಟ್ಟೆಯನ್ನು ನಾವು ಒಳಗೆ ಬಿಡುತ್ತೇವೆ. ಮೈ ತುಂಬಿದಾಗ ಒಂದು ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಳ್ಳಲಿ ಅಂತ. ಅದು ಒಂಥರಾ ಠೇವಣಿ ಇದ್ದ ಹಾಗೆ. ಅಂಚು ಕಟ್ಟದಿದ್ದರೆ ಆ ಠೇವಣಿ ಎಳೆ ಎಳೆಯಾಗಿ ಕರಗಿಹೋಗುತ್ತದೆ. ರವಿಕೆಯ ಪಕ್ಕದ ಎರಡು ಅಂಚನ್ನು ಬೇರೆ ಬೇರೆಯಾಗಿ ಕಟ್ಟಬೇಕು. ಎರಡನ್ನೂ ಸೇರಿಸಿ ಕಟ್ಟಿದರೆ ಮುಂದೆ ಬಿಚ್ಚುವಾಗ ಅದನ್ನೂ ಬಿಚ್ಚಬೇಕಾಗುತ್ತದೆ.

ಯಂತ್ರವೇ ಬೇಕು ಅಂತಿಲ್ಲ. ಸೂಜಿ ದಾರ ಇದ್ದರೆ ಅಂಚಿನ ಮೇಲಿಂದ ಓರೆಯಾಗಿ ಸುತ್ತು ಹೊಲಿಗೆ ಹಾಕಿ. ದಾರ ಬಿಗಿಯಾಗಿ ಎಳೆಯಬೇಡಿ, ಅಂಚು ಸುರುಟುತ್ತದೆ. ಲಂಗದ ಕೆಳಗೆ, ಅಂಗಿಯ ತುದಿಗೆ ಕಾಲು ಇಂಚು ಮಡಚಿ, ಮತ್ತೊಮ್ಮೆ ಮಡಚಿ ಹೊಲಿದರೆ ಕತ್ತರಿಸಿದ ತುದಿ ಒಳಗೇ ಅಡಗುತ್ತದೆ.

ಕೂಸಿನ ಜುಬ್ಬಲಕ್ಕೆ, ತೆಳು ಬಟ್ಟೆಗೆ ಇನ್ನೊಂದು ವಿಧಾನವಿದೆ. ಎರಡು ತುಂಡುಗಳ ಒಳಮೈಗಳನ್ನು ಒಂದಕ್ಕೊಂದು ಸೇರಿಸಿ ಹೊರಗಡೆಯಿಂದ ಕಾಲು ಇಂಚಿಗೆ ಹೊಲಿಯಿರಿ. ಉಳಿದ ಅಂಚನ್ನು ಅರ್ಧಕ್ಕೆ ಕತ್ತರಿಸಿ ಬಟ್ಟೆ ತಿರುವಿಹಾಕಿ. ಈಗ ಒಳಗಡೆಯಿಂದ ಕಾಲು ಇಂಚಿಗೆ ಇನ್ನೊಂದು ಹೊಲಿಗೆ. ಎಳೆಯೆಲ್ಲ ಚೀಲದೊಳಗೆ ಕೂತ ಹಾಗೆ. ಕೂಸಿನ ಮೈಗೆ ಒರಟು ತಾಗುವುದಿಲ್ಲ. ಇದಕ್ಕೆ ಬೇಕಾದ ಬಟ್ಟೆಯನ್ನು ಕತ್ತರಿಸುವಾಗಲೇ ಲೆಕ್ಕ ಹಿಡಿದು ಬಿಡಬೇಕು. ಕುತ್ತಿಗೆಗೆ, ತೋಳಿನ ಸುತ್ತಿಗೆ ಓರೆಯಾಗಿ ಕತ್ತರಿಸಿದ ಪಟ್ಟಿಯೇ ಸರಿ. ಓರೆ ಬಟ್ಟೆ ತಿರುವಿಗೆ ಬಾಗುತ್ತದೆ, ನೇರ ಪಟ್ಟಿ ನೆರಿಗೆ ಬೀಳುತ್ತದೆ.

ಇನ್ನು ಓವರ್‌ಲಾಕ್. ಅದರೊಳಗಿನ ಕತ್ತಿ ಅಂಚು ಕತ್ತರಿಸುತ್ತಾ ಹೋಗುತ್ತದೆ, ದಾರ ಸುತ್ತುತ್ತಾ ಬರುತ್ತದೆ. ಕೆಲಸ ಬೇಗ, ನೋಡಲೂ ಚೆಂದ. ಎರಡು ಎಚ್ಚರ ಬೇಕು. ಕೈ ತಪ್ಪಿದರೆ ಕತ್ತಿ ಒಳಗಿನ ಬಟ್ಟೆಯನ್ನೂ ತಿನ್ನುತ್ತದೆ. ಮತ್ತೆ, ಮೂರು ದಾರದ ಓವರ್‌ಲಾಕ್ ಅಂಚು ಕಾಯುತ್ತದೆಯೇ ಹೊರತು ಎಳೆತ ಬೀಳುವ ಜೋಡಣೆಗೆ ಅದೊಂದೇ ಸಾಲದು. ನೇರ ಹೊಲಿಗೆ ಇರಲೇಬೇಕು.

ಸಂಘದ ಮುಂದೆ ನಮ್ಮದೊಂದು ಅರಿಕೆ. ಮನೆಯಲ್ಲಿ ಕೂತು ಹೊಲಿಯುವವಳಿಗೆ ಓವರ್‌ಲಾಕ್ ಯಂತ್ರ ಕೊಳ್ಳುವುದು ಭಾರ. ಕೊಂಡರೂ ದಿನಕ್ಕೆ ಒಂದು ಗಂಟೆಯ ಕೆಲಸ ಇರುವುದಿಲ್ಲ. ಸಂಘದ ಕಟ್ಟಡದಲ್ಲಿ ಒಂದು ಯಂತ್ರ ಇಟ್ಟರೆ ನಾವೆಲ್ಲ ಸರದಿಯಲ್ಲಿ ಬಂದು, ಬಾಡಿಗೆ ಕೊಟ್ಟು, ಕೆಲಸ ಮುಗಿಸಿಕೊಂಡು ಹೋಗುತ್ತೇವೆ. ಬಾಡಿಗೆ ಎಷ್ಟು ಅಂತ ನಿರ್ದೇಶಕರೇ ಗೊತ್ತುಮಾಡಲಿ. ಅಂಚು ನೀಟಾಗಿದ್ದರೆ ಶಾಲೆಯ ಯೂನಿಫಾರಂ ಕೆಲಸವನ್ನು ಪೇಟೆಗೆ ಬಿಟ್ಟುಕೊಡದೆ ನಾವೇ ಕೇಳಿ ಪಡೆಯಬಹುದು.

1905ರಲ್ಲಿ ಗದಗಿನ ಹತ್ತಿರ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಒಬ್ಬರಿಗೆ ಆಗದ್ದು ಹತ್ತು ಜನ ಸೇರಿದರೆ ಆಗುತ್ತದೆ ಅನ್ನುವುದೇ ಸಹಕಾರದ ತಿರುಳು. ಸಂಘ ಈ ಅರಿಕೆಯನ್ನು ಮುಂದಿನ ಸಭೆಯಲ್ಲಿ ಇಡಲಿ ಎಂದು ಕೇಳಿಕೊಳ್ಳುತ್ತೇವೆ.