ಟ್ರಂಕಿನಲ್ಲಿರುವ ಕಾಗದ ಓದೋಣ



ದಿನವೆಲ್ಲ ದುಡಿದು, ಅಡುಗೆ ಮುಗಿಸಿ, ಮಕ್ಕಳಿಗೆ ಊಟ ಹಾಕಿ ಬಂದು ಕೂತಿದ್ದೀರಿ. ಉದ್ದದ ಭಾಷಣ ಮಾಡೋದಿಲ್ಲ. ನಿಮ್ಮ ಮನೆಯಲ್ಲೇ ಇರುವ ಒಂದು ವಸ್ತುವಿನ ವಿಷಯ ಮಾತಾಡ್ತೀವಿ.

ನಿಮ್ಮ ಮನೆಯಲ್ಲಿ ಒಂದು ಟ್ರಂಕು ಇದೆ. ಅದರ ತಳದಲ್ಲಿ, ಮದುವೆ ಸೀರೆಯ ಕೆಳಗೆ, ಒಂದು ಪ್ಲಾಸ್ಟಿಕ್ ಚೀಲ ಇದೆ. ಚೀಲದ ಒಳಗೆ ಕಾಗದ ಇವೆ. ಮನೆ ಕಂದಾಯದ ರಸೀದಿ, ಪಹಣಿ, ಹಳೆಯ ಪತ್ರ. ಮಳೆ ಬಂದರೆ ಮೊದಲು ಆ ಚೀಲ ಕಾಪಾಡ್ತೀವಿ. ಆದರೆ ಅದರಲ್ಲಿ ಏನು ಬರೆದಿದೆ ಅಂತ ಓದಿದ್ದೀವಾ?

ಇಷ್ಟು ದಿನ ನಿಮಗೆ ಓದು ಬರ್ತಿರಲಿಲ್ಲ. ಈಗ ಬರುತ್ತೆ. ಬಸ್ಸಿನ ಬೋರ್ಡು ಓದಿದಿರಿ. ಗೋಡೆ ಬರಹ ಓದಿದಿರಿ. ಇನ್ನು ನಿಮ್ಮದೇ ಮನೆಯ ಕಾಗದ ಓದಬೇಕು.

ನಮ್ಮ ಮನೆಯಲ್ಲಿ ಆದದ್ದು

ಮೊದಲು ನಮ್ಮ ತಪ್ಪು ಹೇಳಿಕೊಳ್ತೀವಿ. ನಾವು ಡಿ.ಇಡಿ. ಓದಿದವರು. ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವವರು. ನಮ್ಮ ಮನೆಯ ಕಾಗದವನ್ನು ನಾವೇ ಓದಿರಲಿಲ್ಲ.

ನಮ್ಮ ಮನೆ ತಾತ ಕಟ್ಟಿದ್ದು. ಕೂಲಿ ಮಾಡಿ ಜಾಗ ಕೊಂಡು, ತಾವೇ ಮಣ್ಣು ತುಳಿದು ಕಟ್ಟಿದ ಮನೆ. ತಾತ 1998ರಲ್ಲಿ ತೀರಿಕೊಂಡರು. ಅಜ್ಜಿ ಆಗಲೇ ಇರಲಿಲ್ಲ. ನಮ್ಮ ತಂದೆ 2009ರಲ್ಲಿ ಹೋದರು. ನಾವು ವರ್ಷ ವರ್ಷ ಕಂದಾಯ ಕಟ್ಟಿದೆವು. ರಸೀದಿ ಮಡಚಿ ಚೀಲಕ್ಕೆ ಹಾಕಿದೆವು. ಕಂದಾಯ ಕಟ್ಟಿದ ಮೇಲೆ ಮನೆ ನಮ್ಮದೇ ಅಂತ ನೆಮ್ಮದಿಯಾಗಿ ಇದ್ದೆವು.

2019ರ ಮಳೆಗೆ ಹಿಂದಿನ ಗೋಡೆ ಬಿತ್ತು. ರಿಪೇರಿಗೆ ಸಾಲ ಬೇಕಾಯಿತು. ಸಾಲ ಕೊಡುವವರು ಖಾತೆ ಕೇಳಿದರು. ಆಗ ರಸೀದಿ ಬಿಡಿಸಿ ಓದಿದೆವು. ಅದರಲ್ಲಿ ಇದ್ದದ್ದು ತಾತನ ಹೆಸರು. ಸತ್ತು 21 ವರ್ಷ ಆದವರ ಹೆಸರು!

ತಾತನ ಮರಣ ಪ್ರಮಾಣಪತ್ರ ತನ್ನಿ ಅಂದರು. ತಾತನ ಮರಣವನ್ನು ಯಾರೂ ಬರೆಸಿರಲೇ ಇಲ್ಲ. ಅದಕ್ಕೆ ನ್ಯಾಯಾಲಯದಿಂದ ಆದೇಶ ತರಬೇಕಾಯಿತು. ತಿಂಗಳುಗಟ್ಟಲೆ ಓಡಾಡಿದೆವು.

ಅಷ್ಟೇ ಆಗಿದ್ದರೆ ಇವತ್ತು ಈ ಮಾತು ಹೇಳ್ತಿರಲಿಲ್ಲ. ತಾತನಿಗೆ ಮಕ್ಕಳು ಮೂರು ಜನ. ನಮ್ಮ ತಂದೆ, ಇಬ್ಬರು ಸೋದರತ್ತೆಯರು. ಅತ್ತೆಯರು ಹಕ್ಕು ಬಿಟ್ಟುಕೊಟ್ಟರೆ ಕೆಲಸ ಬೇಗ ಆಗುತ್ತೆ ಅಂತ ಯಾರೋ ಹೇಳಿದರು. ಅದಕ್ಕೆ ಹಕ್ಕು ಬಿಡುಗಡೆ ಪತ್ರ ಬರೆಸಿದೆವು. ದೊಡ್ಡತ್ತೆಯನ್ನು ಹಬ್ಬಕ್ಕೆ ಅಂತ ಕರೆಸಿದೆವು. ಊಟ ಆದ ಮೇಲೆ ಕಾಗದ ಮುಂದಿಟ್ಟು, "ಇಲ್ಲಿ ಒಂದು ಹೆಬ್ಬೆಟ್ಟು ಒತ್ತತ್ತೆ" ಅಂದೆವು.

ಅತ್ತೆ ಬೆರಳು ಮುಂದೆ ಚಾಚಿದರು. ಹಾಗೇ ನಿಲ್ಲಿಸಿದರು. "ಇದ್ರಲ್ಲಿ ಏನ್ ಬರ್ದವ್ರೆ? ಓದಿ ಹೇಳವ್ವ" ಅಂದರು.

ನಾವು ಓದಿದೆವು. "ಸದರಿ ಸ್ವತ್ತಿನಲ್ಲಿ ನನಗಿರುವ ಎಲ್ಲಾ ಹಕ್ಕನ್ನು ಬಿಟ್ಟುಕೊಟ್ಟಿರುತ್ತೇನೆ" ಅಂತ ಇತ್ತು.

ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: "ಅಪ್ಪ ಮಣ್ಣು ತುಳಿಯೋವಾಗ ನಾನೂ ನೀರು ಹೊತ್ತಿದ್ದೆ. ಈ ಮನೇಲಿ ನಂಗೂ ಪಾಲಿತ್ತಾ?"

ನಮ್ಮ ಬಾಯಿಂದ ಮಾತು ಬರಲಿಲ್ಲ. ಪಾಲಿತ್ತು. ನಮಗೆ ಅದು ಗೊತ್ತಿತ್ತು. ಅತ್ತೆಗೆ ಗೊತ್ತಿರಲಿಲ್ಲ. ಓದು ಬರುವ ನಾವು ಓದು ಬಾರದವರಿಂದ ಹೆಬ್ಬೆಟ್ಟು ಒತ್ತಿಸಲು ಕೂತಿದ್ದೆವು.

ಅತ್ತೆ ಆ ದಿನ ಹೆಬ್ಬೆಟ್ಟು ಒತ್ತಲಿಲ್ಲ. ಆ ಕತೆ ಕೊನೆಗೆ ಏನಾಯಿತು ಅಂತ ಆಮೇಲೆ ಹೇಳ್ತೀವಿ. ಮೊದಲು ಕಾಗದ ಓದುವುದು ಹೇಗೆ ಅಂತ ನೋಡೋಣ.

ರಸೀದಿಯಲ್ಲಿ ಏನು ನೋಡಬೇಕು?

ಹಳ್ಳಿಯಲ್ಲಿ ಮನೆ ಕಂದಾಯವನ್ನು ಗ್ರಾಮ ಪಂಚಾಯಿತಿಗೆ ಕಟ್ತೀವಿ. ಬೀದಿ ದೀಪ, ಕುಡಿಯುವ ನೀರು, ಚರಂಡಿ, ಇವಕ್ಕೆಲ್ಲ ಈ ಹಣ ಬೇಕು. ಕಂದಾಯದ ವರ್ಷ ಏಪ್ರಿಲ್ 1ಕ್ಕೆ ಶುರು. ಮುಂದಿನ ಮಾರ್ಚ್ 31ಕ್ಕೆ ಮುಗಿಯುತ್ತೆ. ಹಣ ಕೊಟ್ಟ ಕೂಡಲೇ ರಸೀದಿ ಕೇಳಿ. "ನಾಳೆ ಕೊಡ್ತೀವಿ" ಅಂದರೆ, "ಹಣವನ್ನೂ ನಾಳೆ ಕೊಡ್ತೀವಿ" ಅನ್ನಿ.

ರಸೀದಿಯಲ್ಲಿ ನಾಲ್ಕು ಸಂಗತಿ ಓದಿ.

ಒಂದು, ಹೆಸರು. ಯಾರ ಹೆಸರಿದೆ? ಅವರು ಬದುಕಿದ್ದಾರಾ? ಹಳೆಯ ಕಾಗದದಲ್ಲಿ "ಬಿನ್" ಅಂತ ಇರುತ್ತೆ. ಇಂಥವರ ಮಗ ಅಂತ ಅರ್ಥ. "ಕೋಂ" ಅಂತ ಇದ್ದರೆ ಇಂಥವರ ಹೆಂಡತಿ ಅಂತ ಅರ್ಥ.

ಎರಡು, ಸ್ವತ್ತಿನ ನಂಬರು. ಅದು ನಿಮ್ಮ ಮನೆಯದೇನಾ?

ಮೂರು, ಯಾವ ವರ್ಷದ ಕಂದಾಯ? ಹಳೆಯ ಬಾಕಿ ಇದೆಯಾ?

ನಾಲ್ಕು, ನೀವು ಕೊಟ್ಟ ಹಣ. ಅಂಕಿಯಲ್ಲೂ ಅಕ್ಷರದಲ್ಲೂ ಒಂದೇ ಇರಬೇಕು.

ಇನ್ನೊಂದು ಮಾತು. ಕಂದಾಯ ಕಟ್ಟಿದ ಮಾತ್ರಕ್ಕೆ ಮನೆ ಯಾರದೂ ಆಗೋದಿಲ್ಲ. ಖಾತೆಯಲ್ಲಿ ಅಣ್ಣನ ಹೆಸರು ಮಾತ್ರ ಇದೆ ಅಂದರೆ ತಂಗಿಯ ಹಕ್ಕು ಹೋಯಿತು ಅಂತಲೂ ಅಲ್ಲ. ಖಾತೆ ಇರುವುದು ಕಂದಾಯ ಯಾರಿಂದ ವಸೂಲು ಮಾಡಬೇಕು ಅಂತ ತಿಳಿಯಲು. ಹಕ್ಕು ಬರುವುದು ಕಾನೂನಿನಿಂದ, ನೋಂದಣಿ ಆದ ಪತ್ರದಿಂದ.

ಜಮೀನು ಇದ್ದರೆ ಪಹಣಿ ಓದಿ. 9ನೇ ಕಾಲಂನಲ್ಲಿ ಖಾತೆದಾರರ ಹೆಸರು ಇರುತ್ತೆ. 11ನೇ ಕಾಲಂನಲ್ಲಿ ಸಾಲ, ಋಣ ಇದ್ದರೆ ಬರೆದಿರುತ್ತೆ. ಕ್ರಯಪತ್ರ ಇದ್ದರೆ ಅದರ ಚೆಕ್ಕುಬಂದಿ ಓದಿ. ಪೂರ್ವಕ್ಕೆ ಯಾರ ಮನೆ, ಪಶ್ಚಿಮಕ್ಕೆ ಯಾವ ದಾರಿ ಅಂತ ಬಾಗಿಲಲ್ಲಿ ನಿಂತು ತಾಳೆ ನೋಡಿ.

ಕಂಪ್ಯೂಟರಿನಲ್ಲಿ ಬಂದದ್ದೆಲ್ಲ ಸರಿಯೇ?

ಈಗ ಪಹಣಿ ಕಂಪ್ಯೂಟರಿನಲ್ಲಿ ಬರುತ್ತೆ. ಪಂಚಾಯಿತಿಯಲ್ಲೂ ಇ-ಸ್ವತ್ತು ಅಂತ ಬಂದಿದೆ. ನಮೂನೆ 9, ನಮೂನೆ 11 ಅಂತ ಅಚ್ಚು ಮಾಡಿ ಕೊಡ್ತಾರೆ. "ಕಂಪ್ಯೂಟರಿನದು, ತಪ್ಪೇ ಇರಲ್ಲ" ಅಂತ ನಾವು ಸುಮ್ಮನೆ ತಗೊಂಡು ಬರ್ತೀವಿ. ಆದರೆ ಅದಕ್ಕೆ ಹೆಸರು ಬೆರಳಚ್ಚು ಮಾಡಿದವರು ಮನುಷ್ಯರೇ. ರತ್ನಮ್ಮ ಇದ್ದದ್ದು ರತ್ನ ಆಗಬಹುದು. 20 ಗುಂಟೆ 2 ಗುಂಟೆ ಆಗಬಹುದು. ಅಲ್ಲೇ ನಿಂತು ಓದಿ. ತಪ್ಪಿದ್ದರೆ ತಿದ್ದುಪಡಿಗೆ ಅರ್ಜಿ ಬರೆದು ಕೊಡಿ. ಅರ್ಜಿ ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯಿರಿ.

ಫೋನಿಗೆ ಒಟಿಪಿ ನಂಬರು ಬಂದರೆ ಅದೂ ಒಂದು ಸಹಿ ಇದ್ದ ಹಾಗೆ. ಯಾಕೆ ಅಂತ ತಿಳಿಯದೆ ಯಾರಿಗೂ ಹೇಳಬೇಡಿ.

ಯಾರಿಗೆ ಎಷ್ಟು ಪಾಲು?

1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು. ಒಬ್ಬ ಗಂಡಸು ತನ್ನ ಸ್ವಂತ ಸಂಪಾದನೆಯ ಆಸ್ತಿ ಬಿಟ್ಟು ತೀರಿಕೊಂಡ. ಉಯಿಲು ಬರೆದಿಲ್ಲ. ಆಗ ಅವನ ಹೆಂಡತಿ, ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಎಲ್ಲರಿಗೂ ಸಮಪಾಲು.

ಲೆಕ್ಕ ಮಾಡೋಣ. ಜಮೀನು 2 ಎಕರೆ 20 ಗುಂಟೆ. 1 ಎಕರೆಗೆ 40 ಗುಂಟೆ. ಒಟ್ಟು 100 ಗುಂಟೆ ಆಯಿತು. ಮನೆಯಲ್ಲಿ ಹೆಂಡತಿ, ತಾಯಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು ಇದ್ದಾರೆ. ಐದು ಜನ. ಒಬ್ಬೊಬ್ಬರಿಗೆ 20 ಗುಂಟೆ. ಮಗಳಿಗೂ 20. ಮುದುಕಿ ತಾಯಿಗೂ 20.

ಮಗ ತಂದೆಗಿಂತ ಮೊದಲೇ ತೀರಿಕೊಂಡಿದ್ದರೆ? ಅವನ ಪಾಲು ಅವನ ಹೆಂಡತಿ ಮಕ್ಕಳಿಗೆ ಬರುತ್ತೆ. "ಗಂಡನೇ ಇಲ್ಲ, ಇನ್ನು ನಿನಗೇನು ಪಾಲು" ಅಂತ ಸೊಸೆಯನ್ನು ಹೊರಗೆ ಹಾಕುವ ಹಾಗಿಲ್ಲ.

ಪಿತ್ರಾರ್ಜಿತ ಆಸ್ತಿಯ ಲೆಕ್ಕ ಸ್ವಲ್ಪ ಬೇರೆ. ಮೊದಲು ಅದರಲ್ಲಿ ಹುಟ್ಟಿನಿಂದ ಹಕ್ಕು ಗಂಡುಮಕ್ಕಳಿಗೆ ಮಾತ್ರ ಇತ್ತು. ನಮ್ಮ ಕರ್ನಾಟಕದಲ್ಲಿ 1994ರಲ್ಲಿ ಹೆಣ್ಣುಮಕ್ಕಳಿಗೂ ಹಕ್ಕು ಕೊಟ್ಟರು. ಆದರೆ ಅಷ್ಟರಲ್ಲಿ ಮದುವೆಯಾಗಿದ್ದವರಿಗೆ ಸಿಗಲಿಲ್ಲ. 2005ರ ಸೆಪ್ಟೆಂಬರ್ 9ರಿಂದ ಇಡೀ ದೇಶದಲ್ಲಿ ಮಗಳೂ ಮಗನೂ ಸಮ. ಮದುವೆಯಾದ ಮಗಳೂ ಸಮ. ಆ ದಿನ ತಂದೆ ಬದುಕಿರಲೇಬೇಕು ಅಂತೇನೂ ಇಲ್ಲ, ಮಗಳ ಹಕ್ಕು ಹುಟ್ಟಿನಿಂದ ಬರುತ್ತೆ ಅಂತ ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಕಾನೂನು ಪ್ರಕಾರ ಭಾಗ ಆಗಿದ್ದರೆ ಮಾತ್ರ ಅದು ಹಾಗೇ ಉಳಿಯುತ್ತೆ.

"ಮದುವೆಗೆ ಖರ್ಚು ಮಾಡಿದ್ದೀವಿ, ಒಡವೆ ಹಾಕಿದ್ದೀವಿ, ಇನ್ನೇನು ಪಾಲು" ಅಂತಾರೆ. ಮದುವೆ ಮಾಡಿಕೊಟ್ಟ ಮಾತ್ರಕ್ಕೆ ಮಗಳ ಪಾಲು ತೀರಿಹೋಗೋದಿಲ್ಲ.

ಸ್ವಂತ ಸಂಪಾದನೆಯನ್ನು ಒಬ್ಬರು ಯಾರಿಗೆ ಬೇಕಾದರೂ ಉಯಿಲು ಬರೆಯಬಹುದು. ಉಯಿಲಿಗೆ ಇಬ್ಬರು ಸಾಕ್ಷಿಗಳ ಸಹಿ ಬೇಕು. ಹೆಂಗಸರೂ ತಮ್ಮ ಆಸ್ತಿಗೆ ಉಯಿಲು ಬರೆಯಬಹುದು.

ಮುಸ್ಲಿಂ, ಕ್ರೈಸ್ತ ಕುಟುಂಬಗಳಿಗೆ ಬೇರೆ ಕಾನೂನು ಇದೆ. ಅಲ್ಲೂ ಹೆಣ್ಣುಮಕ್ಕಳಿಗೆ ಪಾಲು ಇದೆ. ಎಷ್ಟು ಅಂತ ಕಾನೂನು ನೆರವು ಕಚೇರಿಯಲ್ಲಿ ಕೇಳಿ.

ಮನೆಯಲ್ಲಿ ಸಾವಾದರೆ

ದುಃಖದಲ್ಲಿ ಕಾಗದದ ಯೋಚನೆ ಬರೋದಿಲ್ಲ, ನಿಜ. ಆದರೂ 21 ದಿನದೊಳಗೆ ಮರಣವನ್ನು ಬರೆಸಿ. ಯಾರ ಹತ್ತಿರ ಬರೆಸಬೇಕು ಅಂತ ಪಂಚಾಯಿತಿಯಲ್ಲಿ ಹೇಳ್ತಾರೆ. ಒಂದು ವರ್ಷ ದಾಟಿದರೆ ಮೇಲಿನವರ ಆದೇಶ ಬೇಕು. ನಾವು ಪಟ್ಟ ಪಾಡು ನೀವು ಪಡಬೇಡಿ.

ಆಮೇಲೆ ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ ಕೊಡಿ. ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾಯಿಸುವುದಕ್ಕೆ ಪೌತಿ ಖಾತೆ ಅಂತಾರೆ. ಜಮೀನಿಗೆ ನಾಡಕಚೇರಿಯಲ್ಲಿ, ಹಳ್ಳಿಯ ಮನೆಗೆ ಪಂಚಾಯಿತಿಯಲ್ಲಿ ಅರ್ಜಿ ಕೊಡಬೇಕು.

ವಂಶವೃಕ್ಷವನ್ನು ಎರಡು ಸಲ ಓದಿ. ಮೋಸ ಆಗುವ ಜಾಗ ಇದೇ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರನ್ನು ಇಲ್ಲಿ ಬಿಟ್ಟುಬಿಡ್ತಾರೆ. ಮರದಲ್ಲಿ ಕೊಂಬೆಯೇ ಇಲ್ಲದಿದ್ದರೆ ಹಣ್ಣು ಎಲ್ಲಿಂದ ಬರಬೇಕು? ನಿಮ್ಮ ಹೆಸರು ಬಿಟ್ಟಿದ್ದರೆ ಕೂಡಲೇ ತಕರಾರು ಅರ್ಜಿ ಕೊಡಿ. ಬಾಯಿಮಾತಲ್ಲಿ ಬೇಡ, ಬರೆದು ಕೊಡಿ.

ಸಹಿ ಹಾಕುವ ಮೊದಲು

ನಮ್ಮ ಪಾಠದಲ್ಲಿ "ಬಿಟ್ಟ ಸ್ಥಳ ತುಂಬಿರಿ" ಅಂತ ಬರುತ್ತೆ. ಸಹಿ ಹಾಕುವ ಕಾಗದದಲ್ಲಿ ಬಿಟ್ಟ ಸ್ಥಳ ಇರಬಾರದು. ಇದ್ದರೆ ನೀವು ಹೋದ ಮೇಲೆ ಬೇರೆಯವರು ತುಂಬ್ತಾರೆ. ಖಾಲಿ ಕಾಗದಕ್ಕೆ ಸಹಿ ಬೇಡವೇ ಬೇಡ.

"ಹಕ್ಕು ಬಿಡುಗಡೆ" ಅಥವಾ "ಹಕ್ಕು ಖುಲಾಸೆ" ಅಂತ ಮೇಲೆ ಇದ್ದರೆ ಕೈ ಹಿಂದಕ್ಕೆ ತಗೊಳ್ಳಿ. ಅದರ ಅರ್ಥ, ನನ್ನ ಪಾಲು ನನಗೆ ಬೇಡ ಅಂತ. ಮನಸಾರೆ ಬಿಟ್ಟುಕೊಡುವುದಾದರೆ ಕೊಡಿ, ಅದು ನಿಮ್ಮ ಇಷ್ಟ. ಆದರೆ ಏನು ಕೊಡ್ತಿದ್ದೀರಿ ಅಂತ ತಿಳಿದು ಕೊಡಿ. "ಮನೆಗೆ ಹೋಗಿ ಓದಿ, ನಾಳೆ ಹೇಳ್ತೀನಿ" ಅಂದರೆ ತಪ್ಪಲ್ಲ. ಅಣ್ಣ ಮುನಿಸಿಕೊಂಡಾನು. ತವರು ತಪ್ಪೀತು ಅಂತ ನಮಗೆ ಭಯ ಇರುತ್ತೆ. ಆದರೆ ತಿಳಿಸದೆ ಸಹಿ ಹಾಕಿಸಿಕೊಂಡದ್ದು ಮುಂದೆ ತಿಳಿದರೆ, ತವರು ಅವತ್ತೂ ತಪ್ಪುತ್ತೆ.

ವಕೀಲರಿಗೆ ದುಡ್ಡಿಲ್ಲ ಅಂತ ಹಿಂದೆ ಸರಿಯಬೇಡಿ. 1987ರ ಕಾಯ್ದೆ ಪ್ರಕಾರ ಹೆಂಗಸರಿಗೆ ಕಾನೂನು ನೆರವು ಉಚಿತ. ವರಮಾನ ಎಷ್ಟೇ ಇರಲಿ. ತಾಲ್ಲೂಕು ನ್ಯಾಯಾಲಯದಲ್ಲಿ ಕಾನೂನು ಸೇವಾ ಸಮಿತಿ ಎಲ್ಲಿದೆ ಅಂತ ಕೇಳಿ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳ್ತಾರೆ.

ಅತ್ತೆಯ ಮಾತು

ಅತ್ತೆ ಹೆಬ್ಬೆಟ್ಟು ಒತ್ತದೆ ಹೋದ ಮೇಲೆ ನಮ್ಮಣ್ಣ ಎರಡು ತಿಂಗಳು ಅವರ ಹತ್ತಿರ ಮಾತು ಬಿಟ್ಟ. ಕೊನೆಗೆ ನಾವೇ ಇಬ್ಬರೂ ಅತ್ತೆಯರ ಮನೆಗೆ ಹೋದೆವು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆವು. "ಮನೆಯಲ್ಲಿ ಮೂರು ಪಾಲು. ನಿಮಗೆ ಒಂದೊಂದು, ನಮ್ಮ ತಂದೆಯದು ಒಂದು" ಅಂದೆವು.

ಅವರು ಪಾಲು ಕೇಳಿದ್ದರೆ ಕೊಡಲೇಬೇಕಿತ್ತು. ಕೇಳುವುದು ತಪ್ಪೂ ಅಲ್ಲ. ದೊಡ್ಡತ್ತೆ ಹೇಳಿದರು: "ಮನೆ ಒಡೀಬೇಡಿ. ನೀವು ಇರಿ. ಆದ್ರೆ ಕಾಗದದಲ್ಲಿ ನನ್ ಹೆಸ್ರು ಇರ್ಲಿ." ಚಿಕ್ಕತ್ತೆಯೂ ಹಾಗೇ ಅಂದರು. ಎಲ್ಲರ ಹೆಸರಿಗೂ ಸೇರಿಸಿ ಜಂಟಿ ಖಾತೆ ಮಾಡಿಸಿದೆವು. ಸಾಲದ ಕಾಗದಕ್ಕೂ ಎಲ್ಲರೂ ಒಪ್ಪಿ ಸಹಿ ಹಾಕಿದರು. ಗೋಡೆ ಎದ್ದಿತು. ಅಣ್ಣನೂ ಈಗ ಅತ್ತೆಯರ ಹತ್ತಿರ ಮಾತಾಡ್ತಾನೆ.

ಇವತ್ತಿನ ಮನೆಗೆಲಸ

ಅಕ್ಕಂದಿರೇ, ಇವತ್ತು ಮನೆಗೆ ಹೋಗಿ ಟ್ರಂಕು ತೆಗೀರಿ. ಕಂದಾಯದ ರಸೀದಿ ದೀಪದ ಹತ್ತಿರ ಹಿಡಿದು, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿ. ಕಾಗದ ಇಲ್ಲಿಗೆ ತರಬೇಡಿ, ಅದು ಮನೆಯಲ್ಲೇ ಭದ್ರವಾಗಿರಲಿ. ಅದರಲ್ಲಿ ಯಾರ ಹೆಸರಿದೆ, ಯಾವ ವರ್ಷ ಇದೆ, ಇಷ್ಟನ್ನು ಮಾತ್ರ ನಿಮ್ಮ ನೋಟ್‌ಬುಕ್ಕಿನಲ್ಲಿ ಬರ್ಕೊಂಡು ಬನ್ನಿ.

ಸತ್ತವರ ಹೆಸರು ಇದ್ದವರು ಕೈ ಎತ್ತಿ. ಅರ್ಜಿ ಬರೆಯುವುದೇ ನಾಳೆಯ ಪಾಠ.