ದಡಾರ: ರಕ್ತ ಕೊಡೋ ಮುಂಚೆ ಲಸಿಕೆ ಕಾರ್ಡ್ ಹುಡುಕಿ

ವಿಜಯನಗರ, ರಾಜಾಜಿನಗರ, ಬಸವೇಶ್ವರನಗರದಲ್ಲಿ ಓದೋಕೆ ಅಮೆರಿಕಕ್ಕೆ ಹೊರಟವರು ಬೀದಿಗೊಬ್ಬರಾದ್ರೂ ಸಿಗ್ತಾರೆ. ವೀಸಾ, ಟಿಕೆಟ್ ಎಲ್ಲ ಆದ್ಮೇಲೆ ಕಾಲೇಜಿನಿಂದ ಮೇಲ್ ಬರುತ್ತೆ: ಎಂಎಂಆರ್ ಲಸಿಕೆಯ ದಾಖಲೆ ಕಳಿಸಿ, ಇಲ್ಲಾಂದ್ರೆ ಟೈಟರ್ ರಿಪೋರ್ಟ್ ಕೊಡಿ. ಎಂಎಂಆರ್ ಅಂದ್ರೆ ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿದ ಲಸಿಕೆ. ಟೈಟರ್ ಅಂದ್ರೆ ರಕ್ತದಲ್ಲಿರುವ ಪ್ರತಿಕಾಯಗಳ ಅಳತೆ.

ಲ್ಯಾಬ್‌ಗೆ ಓಡಬೇಡಿ. ಮೊದಲು ಅಮ್ಮನ ಹತ್ತಿರ ಹಳೇ ಲಸಿಕೆ ಕಾರ್ಡ್ ಕೇಳಿ.

2010ಕ್ಕೆ ಮುಂಚೆ ನಮ್ಮ ಸರ್ಕಾರಿ ವೇಳಾಪಟ್ಟಿಯಲ್ಲಿ ದಡಾರಕ್ಕೆ ಇದ್ದದ್ದು ಒಂದೇ ಡೋಸ್, ಅದೂ ಒಂಬತ್ತು ತಿಂಗಳಿಗೆ. ಅಮೆರಿಕದವರು ಅದನ್ನ ಲೆಕ್ಕಕ್ಕೆ ಹಿಡಿಯಲ್ಲ. ಮೊದಲ ಹುಟ್ಟುಹಬ್ಬ ಆದ್ಮೇಲೆ, ಕನಿಷ್ಠ 28 ದಿನ ಅಂತರದಲ್ಲಿ ಎರಡು ಡೋಸ್ ಕೇಳ್ತಾರೆ. 2017ರ ಫೆಬ್ರವರಿ ಅಭಿಯಾನದಲ್ಲಿ ಕರ್ನಾಟಕದ ಶಾಲೆಗಳಲ್ಲಿ ಹಾಕಿದ್ದು ಎಂಆರ್ ಲಸಿಕೆ. ದಡಾರ, ರುಬೆಲ್ಲಾಗೆ ಅದು ಸರಿ. ಮಂಗನಬಾವು ಅದರಲ್ಲಿ ಇಲ್ಲ.

ಕಾರ್ಡ್ ಇಲ್ವಾ? ಆಗ ಟೆಸ್ಟ್ ಮಾಡಿಸಬಹುದು. ‘ಚಿಕ್ಕವಳಿದ್ದಾಗ ಅಮ್ಮ ಬಂದಿತ್ತು’ ಅಂತ ಅಜ್ಜಿ ಹೇಳಿದ್ರೆ ಸಾಕಾಗಲ್ಲ, ಅದು ಸಿಡುಬಿನ ತರಹದ ಚಿಕನ್‌ಪಾಕ್ಸ್ ಕೂಡ ಇರಬಹುದು. ಬುಕ್ ಮಾಡುವಾಗ ‘ಐಜಿಜಿ’ ಅಂತಲೇ ಹೇಳಿ. ಹಿಂದಿನ ಸೋಂಕು ಅಥವಾ ಲಸಿಕೆಯಿಂದ ಉಳಿದ ರಕ್ಷಣೆ ತೋರಿಸೋದು ಅದು. ‘ಐಜಿಎಂ’ ಬೇರೆ. ಜ್ವರ, ಕೆಂಪು ದದ್ದು ಇರುವವರಿಗೆ ಈಗ ದಡಾರ ಆಗಿದೆಯಾ ಅಂತ ನೋಡೋಕೆ ಅದು.

ಎರಡು ಡೋಸ್ ದಾಖಲೆ ಇದ್ದೂ ಐಜಿಜಿ ನೆಗೆಟಿವ್ ಬಂದ್ರೆ? ಗಾಬರಿ ಬೇಡ. ಕಡಿಮೆ ಪ್ರಮಾಣದ ಪ್ರತಿಕಾಯ ಕೆಲವು ಕಿಟ್‌ಗಳಿಗೆ ಸಿಗಲ್ಲ. ದೇಹದ ನೆನಪಿನ ಕೋಶಗಳನ್ನಂತೂ ಈ ಟೆಸ್ಟ್ ಅಳೆಯೋದೇ ಇಲ್ಲ. ಅಮೆರಿಕದ ಸಿಡಿಸಿ ಕೂಡ ಇಂಥ ಕಡೆ ರಿಪೋರ್ಟ್‌ಗಿಂತ ದಾಖಲೆಗೇ ಬೆಲೆ ಕೊಡುತ್ತೆ.

ದಾಖಲೆ ಇಲ್ಲದವರು ಟೆಸ್ಟ್ ಬಿಟ್ಟು ನೇರ ಲಸಿಕೆ ಹಾಕಿಸಿಕೊಂಡರೂ ನಡೆಯುತ್ತೆ, ಮೊದಲೇ ರಕ್ಷಣೆ ಇದ್ರೆ ತೊಂದರೆ ಇಲ್ಲ. ಆದ್ರೆ ಇದು ಜೀವಂತ ವೈರಸ್‌ನ ಲಸಿಕೆ. ಗರ್ಭಿಣಿಯರು, ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರು ಹಾಕಿಸಿಕೊಳ್ಳಬಾರದು. ಮಗು ಬೇಕು ಅಂತಿರೋರು ಲಸಿಕೆ ಆದ್ಮೇಲೆ ಒಂದು ತಿಂಗಳು ಕಾಯಬೇಕು.

ಇದು ಬರೀ ಕಾಲೇಜಿನ ಕಾಗದದ ಮಾತಲ್ಲ. ದಡಾರ ಇರುವವರು ಎದ್ದು ಹೋದ್ಮೇಲೂ ವೈರಸ್ ಎರಡು ಗಂಟೆವರೆಗೆ ಗಾಳಿಯಲ್ಲಿ ಇರಬಲ್ಲದು. ರಕ್ಷಣೆ ಇಲ್ಲದೆ ಅವರ ಹತ್ತಿರ ಇದ್ದ ಹತ್ತು ಜನರಲ್ಲಿ ಒಂಬತ್ತು ಜನಕ್ಕೆ ತಗುಲಬಹುದು. ಕೆಂಗೇರಿ ಮೆಟ್ರೋದಲ್ಲಿ ನಿಮ್ಮ ಪಕ್ಕ ಕೂತ ತಾಯಿಯ ಮಡಿಲಲ್ಲಿ ಆರು ತಿಂಗಳ ಕೂಸು ಇರಬಹುದು. ಅದಕ್ಕಿನ್ನೂ ಲಸಿಕೆಯ ವಯಸ್ಸಾಗಿಲ್ಲ. ನಿಮ್ಮ ಡೋಸ್ ಆ ಕೂಸಿಗೂ ಕಾವಲು.

ಇವತ್ತೇ ಬೀರು ತೆಗೆದು ಕಾರ್ಡ್ ಹುಡುಕಿ, ಫೋಟೋ ತೆಗೆದು ಇಟ್ಕೊಳ್ಳಿ. ಮತ್ತೆ ಸಿಗೋಣ.